ಸರಾಸರಿ ನುಂಗಿದ ಘಾಟಿ

ಎಲೆಕ್ಟ್ರಿಕ್ ಸೈಕಲ್ಲಿನ ರೇಂಜನ್ನು ಎಕ್ಸೆಲ್ ಶೀಟಿನಲ್ಲಿ ಲೆಕ್ಕಹಾಕಿ ನೋಡುವ ಅಭ್ಯಾಸ ಮೆಚ್ಚತಕ್ಕದ್ದೇ. ‘ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್’ ಎನ್ನುವ ಜಾಹೀರಾತು ಯಾರ ತೂಕಕ್ಕೆ, ಯಾವ ರಸ್ತೆಗೆ ಎಂದು ಹೇಳುವುದಿಲ್ಲ. ಶೀಟು ಅದನ್ನೇ ಮೊದಲು ಕೇಳುತ್ತದೆ. ಸವಾರ, ಸೈಕಲ್ ಸೇರಿ 100 ಕೆ.ಜಿ., 36 ವೋಲ್ಟ್ 10 ಆಂಪಿಯರ್-ಅವರ್ ಬ್ಯಾಟರಿ (360 ವಾಟ್-ಅವರ್), ಮೋಟಾರಿನ ದಕ್ಷತೆ ಶೇ 75 ಎಂದು ತುಂಬಿದರೆ, ಗಾಳಿಯಿಲ್ಲದ ಸಮತಟ್ಟು ರಸ್ತೆಯಲ್ಲಿ, ಪೆಡಲ್ ತುಳಿಯದೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ಸುಮಾರು 48 ಕಿ.ಮೀ. ಬರುತ್ತದೆ, ವೇಗ 25ಕ್ಕೇರಿಸಿದರೆ 38ಕ್ಕೆ ಇಳಿಯುತ್ತದೆ. ಇಷ್ಟರಮಟ್ಟಿಗೆ ಶೀಟು ಗೆದ್ದಿತು. ತಕರಾರು ಇರುವುದು ಏರನ್ನು ಅದು ಇಡೀ ದಾರಿಗೆ ಸರಾಸರಿಯಾಗಿ ಹಂಚಿಬಿಡುವುದರ ಬಗ್ಗೆ, ಅದರಲ್ಲಿ ಇಲ್ಲದ ಕಾಲಂಗಳ ಬಗ್ಗೆ.

ನಾಸಿಕ್‌ನಿಂದ ತ್ರ್ಯಂಬಕೇಶ್ವರ ಸುಮಾರು 30 ಕಿ.ಮೀ. ಏರು ದಾರಿಯುದ್ದಕ್ಕೂ ಹರಡಿಕೊಂಡಿರುವುದರಿಂದ ಸರಾಸರಿ ಹಿಡಿದರೂ ನಡೆದೀತು. ಆದರೆ ಮಳೆಗಾಲದ ಗಾಳಿ ಬೀಸುವುದು ಪಶ್ಚಿಮದಿಂದ, ಅಂದರೆ ಸವಾರನ ಮುಖಕ್ಕೇ. ಗಂಟೆಗೆ 15 ಕಿ.ಮೀ. ಎದುರುಗಾಳಿಯಿದ್ದರೆ, 20ರ ವೇಗದಲ್ಲಿ ಗಾಳಿಯ ತಡೆ ಮೂರು ಪಟ್ಟಾಗುತ್ತದೆ. 48 ಇದ್ದದ್ದು 24ಕ್ಕಿಳಿದು, ತ್ರ್ಯಂಬಕಕ್ಕೆ ಮೊದಲೇ ಬ್ಯಾಟರಿ ಕೈಕೊಡುತ್ತದೆ.

ಛತ್ರಪತಿ ಸಂಭಾಜಿನಗರದ ರಸ್ತೆಯದು ಬೇರೆ ಬಗೆ. ರಾಷ್ಟ್ರಕೂಟರ ಎಲ್ಲೋರಕ್ಕೆ ಹೊರಟರೆ ದೌಲತಾಬಾದ್ ದಾಟಿದ ಮೇಲೆ ಘಾಟಿ. ಅದರ ಮೇಲಿರುವ ಖುಲ್ದಾಬಾದ್, ಸಂಭಾಜಿನಗರಕ್ಕಿಂತ 250 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಡೀ ದಾರಿಗೆ ಹಂಚಿದರೆ ಈ ಏರು ತೀರಾ ಸಣ್ಣದಾಗಿ ಕಾಣುತ್ತದೆ. ಹೋಗಿಬರುವ ಲೆಕ್ಕ ಹಿಡಿದರಂತೂ ಸೊನ್ನೆ! ಬ್ಯಾಟರಿಗೆ ಆ ಸೊನ್ನೆ ಗೊತ್ತಿಲ್ಲ: ಪ್ರತಿ 100 ಮೀಟರ್ ಏರಿಗೆ 36 ವಾಟ್-ಅವರ್, ಅಂದರೆ ಹತ್ತನೇ ಒಂದು ಪಾಲು ಖರ್ಚು. ಚಕ್ರದ ನಡುವೆಯೇ ಕೂರುವ, ಗೇರ್ ಇರುವ ಹಬ್ ಮೋಟಾರುಗಳಲ್ಲಿ ಸಾಮಾನ್ಯವಾಗಿ ಇಳಿಜಾರಿನಿಂದ ಏನೂ ವಾಪಸ್ ಬರುವುದಿಲ್ಲ.

ಇನ್ನೂ ದೊಡ್ಡ ಲೋಪ ದಕ್ಷತೆಯದು. ಶೇ 6ರ ಏರಿನಲ್ಲಿ 15 ಕಿ.ಮೀ. ವೇಗಕ್ಕೆ ಚಕ್ರದಲ್ಲಿ ಸುಮಾರು 310 ವಾಟ್ ಬೇಕು. ನೋಂದಣಿ ಬೇಡದ ಸೈಕಲ್ಲಿಗೆ ಕಾನೂನು ಕೊಟ್ಟಿರುವ ಮಿತಿ 250. ಮಿಕ್ಕದ್ದನ್ನು ಕಾಲು ಕೊಡಬೇಕು, ಇಲ್ಲವೇ ವೇಗ ಬೀಳಬೇಕು. ಹಬ್ ಮೋಟಾರಿನ ವೇಗ ಬಿದ್ದಷ್ಟೂ ದಕ್ಷತೆ ಕುಸಿಯುತ್ತದೆ, ಕರೆಂಟು ಸುರುಳಿಯಲ್ಲಿ ಶಾಖವಾಗುತ್ತದೆ. ಶೇ 75 ಇದ್ದದ್ದು 50ಕ್ಕಿಳಿದರೆ ಅದೇ 100 ಮೀಟರಿಗೆ 54 ವಾಟ್-ಅವರ್ ಬೇಕು.

ಹಾಗೆಂದು ಶೀಟನ್ನು ಎಸೆಯಬೇಕಿಲ್ಲ. ರಸ್ತೆಯನ್ನು ಅರ್ಧರ್ಧ ಕಿಲೋಮೀಟರಿನ ಸಾಲುಗಳಾಗಿ ಕತ್ತರಿಸಿ, ಗಾಳಿಗೊಂದು ಕಾಲಂ ಕೊಟ್ಟು, ದಕ್ಷತೆಯನ್ನು ವೇಗಕ್ಕೆ ಕಟ್ಟಿಹಾಕಿದರೆ ಸಾಕು. ‘ಎಷ್ಟು ದೂರ?’ ಎಂಬುದಕ್ಕೆ ಒಟ್ಟು ಮೊತ್ತ ನೋಡಿ, ‘ಏರುತ್ತದೆಯೇ?’ ಎಂಬುದಕ್ಕೆ ಅತ್ಯಂತ ಕಡಿದಾದ ಒಂದೇ ಒಂದು ಸಾಲು ನೋಡಿ.