ಮಗಳ ಹೆಸರಿನಲ್ಲಿ ಯಾರ ಊರು?

ಹೊರದೇಶದಲ್ಲಿ ಹುಟ್ಟುವ ಮಗುವಿಗೆ ಹೆಸರಿಡುವ ಮಾತು ಬಂದಾಗಲೆಲ್ಲ ಜುಂಪಾ ಲಾಹಿರಿಯವರ ‘ದಿ ನೇಮ್‌ಸೇಕ್’ (2003) ಕಾದಂಬರಿಯ ಪ್ರಸ್ತಾಪ ಬಂದೇ ಬರುತ್ತದೆ. ಬರುವುದು ಸರಿಯೇ. ಹೆಸರನ್ನು ಹೊತ್ತ ಮುತ್ತಜ್ಜಿಯ ಕಾಗದ ಕಲ್ಕತ್ತೆಯಿಂದ ಅಮೆರಿಕ ತಲುಪುವುದೇ ಇಲ್ಲ. ಹೆಸರಿಲ್ಲದ ಮಗುವನ್ನು ಮನೆಗೆ ಕಳಿಸಲು ಆಸ್ಪತ್ರೆ ಒಪ್ಪುವುದಿಲ್ಲ. ಕೊನೆಗೆ ಅಪ್ಪ ಅಶೋಕ್ ಗಂಗೂಲಿ, ರೈಲು ಅಪಘಾತದ ರಾತ್ರಿ ತನ್ನ ಕೈಯಲ್ಲಿದ್ದು ಜೀವ ಉಳಿಸಿದ ಪುಸ್ತಕದ ಲೇಖಕನನ್ನು ನೆನೆದು, ಮಗನನ್ನು ಗೊಗೋಲ್ ಎಂದು ಕರೆಯುತ್ತಾನೆ. ಆ ಹೆಸರಿನೊಡನೆ ಮಗ ನಡೆಸುವ ಜಗಳವೇ ಕಾದಂಬರಿ.

ಹುಟ್ಟಲಿರುವ ಮಗಳಿಗೆ ಹೆಸರು ಹುಡುಕುತ್ತ ಈ ಕಾದಂಬರಿಯನ್ನು ಮತ್ತೆ ಓದಿದವಳಿಗೆ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಗೊಗೋಲನಿಗೆ ತಂಗಿಯೊಬ್ಬಳಿದ್ದಾಳೆ. ಅವಳು ಹುಟ್ಟುವ ಹೊತ್ತಿಗೆ ಪಾಠ ಕಲಿತ ತಂದೆತಾಯಿ ಸೋನಾಲಿ ಎಂಬ ಒಂದೇ ಹೆಸರನ್ನು ಸಿದ್ಧಮಾಡಿಕೊಂಡಿರುತ್ತಾರೆ. ಅದು ಬಾಯಿಂದ ಬಾಯಿಗೆ ಸವೆದು ಸೋನಿಯಾ ಆಗುತ್ತದೆ, ಎಲ್ಲ ದೇಶಕ್ಕೂ ಸಲ್ಲುತ್ತದೆ. ಅಲ್ಲಿಗೆ ಮುಗಿಯಿತು. ಮಗನ ಹೆಸರಿಗೆ ಇಡೀ ಕಾದಂಬರಿ, ಮಗಳ ಹೆಸರಿಗೆ ಕೆಲವೇ ಸಾಲು. ತೊಂದರೆ ಕೊಡದ ಹೆಸರಿಗೆ ಕತೆಯೂ ಇಲ್ಲ ಎಂದು ಲಾಹಿರಿಯವರು ಬೇಕೆಂದೇ ಸೂಚಿಸಿದ್ದರೋ, ಅಥವಾ ಅವರ ಗಮನವೂ ಮಗನ ಕಡೆಗೇ ವಾಲಿತೋ ಹೇಳುವುದು ಕಷ್ಟ. ನನ್ನ ಓದಿನಲ್ಲಿ ಅದು ಈ ಒಳ್ಳೆಯ ಕಾದಂಬರಿಯ ದೊಡ್ಡ ಮೌನ.

ಆ ಮೌನ ನಮ್ಮ ಮನೆಗಳಲ್ಲೂ ಇದೆ. ಹೊರನಾಡಿನ ಕನ್ನಡಿಗರು ಹೆಣ್ಣುಮಗುವಿಗೆಂದು ಮಾಡುವ ಪಟ್ಟಿ ನೋಡಿ: ಮಾಯಾ, ತಾರಾ, ಮೀರಾ, ರಿಯಾ, ಅನಿಕಾ. ಚೆಂದದ ಹೆಸರುಗಳೇ. ಆದರೆ ಅವು ಆಯ್ಕೆಯಾಗುವುದು ಅವುಗಳಲ್ಲಿ ಏನಿದೆ ಎಂಬುದಕ್ಕಲ್ಲ, ಏನಿಲ್ಲ ಎಂಬುದಕ್ಕೆ. ಳಕಾರ ಇರಬಾರದು, ಣಕಾರ ಇರಬಾರದು, ಮಹಾಪ್ರಾಣ ಬೇಡವೇ ಬೇಡ. ನಳಿನಿ, ವೀಣಾ, ಮೇಧಾ ಮೊದಲ ಸುತ್ತಿನಲ್ಲೇ ಹೊರಕ್ಕೆ. ನಾನಿರುವ ಜರ್ಮನಿಯಲ್ಲಿ ಇನ್ನೊಂದು ತೊಡಕು. ಇಲ್ಲಿನವರು ಇಂಗ್ಲಿಷಿನ ‘ಜೆ’ ಅಕ್ಷರವನ್ನು ಯಕಾರವಾಗಿ ಓದುತ್ತಾರೆ, ಜಾನಕಿ ಯಾನಕಿಯಾಗುತ್ತಾಳೆ. ಹೀಗೆ ಸೋಸುತ್ತ ಹೋದರೆ ಕೊನೆಗೆ ಉಳಿಯುವುದು ನೆರೆಯವರ ನಾಲಿಗೆಗೆ ಹಿತವಾದದ್ದು ಮಾತ್ರ.

ನಾಲಿಗೆ ಬಗ್ಗದು, ಕಚೇರಿ ಒಪ್ಪದು ಎನ್ನುವವರು ಇಲ್ಲಿಯದೇ ಒಂದು ಮೊಕದ್ದಮೆಯನ್ನು ನೆನೆಯಬೇಕು. ಭಾರತ ಮೂಲದ ಕುಟುಂಬವೊಂದು ಮಗಳಿಗೆ ಕಿರಣ್ ಎಂದು ಹೆಸರಿಟ್ಟಿತು. ಹೆಣ್ಣೋ ಗಂಡೋ ತಿಳಿಯುವುದಿಲ್ಲ, ಜೊತೆಗೆ ಸ್ಪಷ್ಟವಾದ ಇನ್ನೊಂದು ಹೆಸರು ಬೇಕು ಎಂದು ನೋಂದಣಿ ಕಚೇರಿ ತಕರಾರು ತೆಗೆಯಿತು. 2008ರ ಡಿಸೆಂಬರ್ 5ರಂದು ಜರ್ಮನಿಯ ಸಂವಿಧಾನ ನ್ಯಾಯಾಲಯ ತಂದೆತಾಯಿಯ ಪರವಾಗಿ ತೀರ್ಪು ಕೊಟ್ಟಿತು. ಕಿರಣ್ ಎಂದರೆ ಹುಡುಗನೇ ಎಂದುಕೊಳ್ಳುವ ನಾವು ಕನ್ನಡಿಗರು ಕೂಡ ಕಿರಣ್ ಬೇಡಿಯವರನ್ನು ಕಂಡಮೇಲೆ ತಿದ್ದಿಕೊಂಡೆವಲ್ಲ! ಹೆಸರು ನಾಲಿಗೆಗೆ ತಗ್ಗಲೇಬೇಕೆಂದಿಲ್ಲ, ನಾಲಿಗೆಯೂ ಹೆಸರಿಗೆ ಪಳಗುತ್ತದೆ.

ಹಾಗೆಂದು ಎದುರು ದಿಕ್ಕಿಗೆ ಓಡಿದರೆ ಇನ್ನೊಂದು ಅಪಾಯವಿದೆ. ಬಿಟ್ಟು ಬಂದ ಊರಿನ ಹಂಬಲವನ್ನೆಲ್ಲ ಮಗುವಿನ ಹೆಸರಿಗೆ ತುಂಬುವುದು. ಕಾವೇರಿ, ತುಂಗಾ, ಶರಾವತಿ ಎಂದು. ಇಲ್ಲಿ ನೆನಪಾಗುವವರು ನಮ್ಮ ಕತೆಗಾರ್ತಿ ವೈದೇಹಿ. ಜಾನಕಿ ಶ್ರೀನಿವಾಸಮೂರ್ತಿಯವರು ‘ಸುಧಾ’ ಪತ್ರಿಕೆಗೆ ಕಳಿಸಿದ್ದ ಕತೆಯೊಂದನ್ನು, ಅದರಲ್ಲಿ ನಿಜಬದುಕಿನ ಸಂಗತಿ ಇದೆಯೆಂದು, ಪ್ರಕಟಿಸಬೇಡಿ ಎಂದು ಕೇಳಿಕೊಂಡರಂತೆ. ಸಂಪಾದಕರು ಲೇಖಕಿಯ ಹೆಸರನ್ನು ವೈದೇಹಿ ಎಂದು ಬದಲಿಸಿ ಕತೆಯನ್ನು ಅಚ್ಚು ಹಾಕಿದರು. ಜಾನಕಿಯನ್ನು ಮರೆಮಾಡಲು ಜಾನಕಿಯದೇ ಇನ್ನೊಂದು ಹೆಸರು! ಜನಕನ ಮಗಳು ಜಾನಕಿ, ವಿದೇಹದವಳು ವೈದೇಹಿ, ಮಿಥಿಲೆಯವಳು ಮೈಥಿಲಿ. ಮೂರೂ ಅಪ್ಪನ ಕಡೆಯ ಗುರುತುಗಳೇ. ಸೀತೆ ಎಂಬುದೊಂದೇ ಅವಳದು. ಸೀತಾ ಎಂದರೆ ನೇಗಿಲ ಗೆರೆ, ಅವಳು ಸಿಕ್ಕಿದ ನೆಲ.

ಹೊರನಾಡಿನಲ್ಲಿ ನಾವು ಹೆಸರಿಡುವ ಹೆಣ್ಣುಮಕ್ಕಳೆಲ್ಲ ಒಂದರ್ಥದಲ್ಲಿ ವೈದೇಹಿಯರು. ತಂದೆತಾಯಿಯ ನಾಡೇ ಅವರ ಹೆಸರು. ಆ ನಾಡನ್ನು ಅವರು ಬೇಸಿಗೆ ರಜೆಯ ನಾಲ್ಕು ವಾರಗಳಲ್ಲಿ ಮಾತ್ರ ಕಾಣುತ್ತಾರೆ. ಅವರು ಸಿಕ್ಕಿದ ನೆಲ ಬೇರೆಯೇ.

ಅಚ್ಚಗನ್ನಡದ ಹೆಸರಿಡಿ, ಇಬ್ಬನಿ ಎನ್ನಿ, ಬೆಳ್ಳಿ ಎನ್ನಿ ಎಂಬ ಸಲಹೆ ಈಗ ಹೆಚ್ಚು ಕೇಳುತ್ತಿದೆ. ನನಗೂ ಇಷ್ಟವೇ. ಆದರೆ ಹೆಸರಿನ ರಾಜಕೀಯ ಅಷ್ಟು ಸರಳವಲ್ಲ ಎನ್ನುವುದಕ್ಕೆ ಕುವೆಂಪು ಸಾಕ್ಷಿ. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಒಡೆಯರ ಮನೆಯ ಹುಡುಗಿ ಚಿನ್ನಮ್ಮ, ದುಡಿಯುವವರ ಹುಡುಗಿಯರು ತಿಮ್ಮಿ, ಪೀಂಚಲು. ‘ಅಮ್ಮ’ ಎಂಬ ಬಾಲ ಇದೆಯೋ ಇಲ್ಲವೋ ಎಂಬುದರಲ್ಲೇ ಜಾತಿ, ಆಸ್ತಿ ಎರಡೂ ತಿಳಿಯುತ್ತವೆ. ಮಣ್ಣಿನ ಹೆಸರುಗಳನ್ನು ಇಷ್ಟು ಪ್ರೀತಿಯಿಂದ ಬರೆದ ಪುಟ್ಟಪ್ಪನವರು ತಮ್ಮ ಹೆಣ್ಣುಮಕ್ಕಳಿಗೆ ಇಟ್ಟದ್ದು ಇಂದುಕಲಾ, ತಾರಿಣಿ ಎಂದು. ಇದು ಇಬ್ಬಂದಿತನವೆಂದು ನನಗನಿಸುವುದಿಲ್ಲ. ಕೆಲವರ ಸೊತ್ತಾಗಿದ್ದ ಸಂಸ್ಕೃತವನ್ನು ಶೂದ್ರ ಮನೆಯ ತೊಟ್ಟಿಲಿಗೆ ತಂದದ್ದೂ ಒಂದು ಹಕ್ಕು ಸಾಧನೆ. ಯಾವ ಭಾಷೆಯ ಹೆಸರು ಎಂಬುದಕ್ಕಿಂತ, ಯಾಕೆ ಆ ಹೆಸರು ಎಂಬುದು ಮುಖ್ಯ.

ಈ ‘ಯಾಕೆ’ಯನ್ನು ಹಿಡಿದು ಮತ್ತೆ ಲಾಹಿರಿಯವರ ಕಡೆ ನೋಡಿದರೆ, ಗೊಗೋಲನ ಕಷ್ಟ ಹೆಸರು ವಿಚಿತ್ರವಾದದ್ದರಿಂದ ಹುಟ್ಟಿದ್ದಲ್ಲ ಎಂದು ತಿಳಿಯುತ್ತದೆ. ರೈಲು ಅಪಘಾತದ ಕತೆಯನ್ನು ಅಪ್ಪ ಹೇಳುವ ಹೊತ್ತಿಗೆ ಮಗ ಆಗಲೇ ಹೆಸರು ಬದಲಿಸಿ ನಿಖಿಲ್ ಆಗಿದ್ದಾನೆ. ಹೆಸರು ಮೊದಲೇ ಬಂತು, ಕತೆ ತಡವಾಯಿತು. ಸೋನಿಯಾಳಿಗಂತೂ ಹೇಳಬೇಕಾದ ಕತೆಯೇ ಇರಲಿಲ್ಲ.

ನಮ್ಮ ಎಷ್ಟೋ ಮನೆಗಳಲ್ಲಿ ಸೋದರತ್ತೆ ತೊಟ್ಟಿಲ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಪದ್ಧತಿಯಿದೆ. ಇಲ್ಲಿ ಜನನವನ್ನು ಒಂದು ವಾರದೊಳಗೆ ಕಚೇರಿಗೆ ತಿಳಿಸಬೇಕು, ಹೆಸರು ಮೊದಲು ಕಾಗದಕ್ಕೆ ಹೋಗುತ್ತದೆ. ಹೋಗಲಿ. ಳಕಾರವಿದ್ದರೂ ಇರಲಿ, ಇಲ್ಲದಿದ್ದರೂ ಇರಲಿ. ಶಾಲೆಯಲ್ಲಿ ಯಾರಾದರೂ ಹೆಸರನ್ನು ತಪ್ಪಾಗಿ ಕರೆದ ದಿನ ತಿದ್ದಿ ಹೇಳಲು, ಬೇಡವೆನಿಸಿದರೆ ಅರಿತೇ ಬಿಟ್ಟುಕೊಡಲು, ಅವಳಿಗೆ ಆ ಹೆಸರಿನ ಕತೆ ಅದಕ್ಕೂ ಮೊದಲೇ ಗೊತ್ತಿರಬೇಕು. ಅದನ್ನು ಅವಳ ಕಿವಿಯಲ್ಲಿ ಹೇಳುವ ಕೆಲಸ ನಮ್ಮದು.