ವನಸಂಪ್ರವೇಶಾಧ್ಯಾಯದ ಮರ್ಮ

ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವನಸಂಪ್ರವೇಶಾಧ್ಯಾಯದಲ್ಲಿ ದೇವಪ್ರತಿಮೆಗೆ ಮರವನ್ನಾರಿಸುವ ಕ್ರಮವನ್ನು ನಿರೂಪಿಸಿರುವನು. ಇದನ್ನೋದುವವರು ವರ್ಣಾನುಸಾರವಾದ ವೃಕ್ಷಗಳ ಪಟ್ಟಿಯನ್ನೇ ಪ್ರಧಾನವೆಂದೆಣಿಸಿ, ಉಳಿದುದನ್ನು ಶಕುನವಿಚಾರವೆಂದು ಬಿಡುವುದು ಸಹಜ; ಆದರೆ ಯುಕ್ತವಲ್ಲ. ಪಟ್ಟಿಯಾದರೋ ಶಿಥಿಲವಾದುದು. ಖದಿರವು, ಎಂದರೆ ನಮ್ಮ ಕಗ್ಗಲಿಯು, ಕ್ಷತ್ರಿಯರ ಸಾಲಿನಲ್ಲಿಯೂ ವೈಶ್ಯರ ಸಾಲಿನಲ್ಲಿಯೂ ಬಂದಿದೆ. ಇಂತಹ ವಿಭಾಗವು ಅಧ್ಯಾಯದ ಜೀವಾಳವಾಗಲಾರದು.

ಇನ್ನು ವರ್ಜ್ಯವೃಕ್ಷಗಳನ್ನು ನೋಡಬೇಕು. ಸಿಡಿಲು ಬಡಿದುದು, ಬೆಂಕಿಯಲ್ಲಿ ಬೆಂದುದು, ಒಣಗಿದುದು, ಆನೆ ತುಳಿದು ಮುರಿದುದು—ಇವು ಬಡಗಿಯೇ ಒಲ್ಲದ ಮರಗಳು. ಸ್ಮಶಾನ, ದೇವಾಲಯ, ತಾಪಸಾಶ್ರಮಗಳಲ್ಲಿ ಬೆಳೆದುವು ಧರ್ಮವು ಒಲ್ಲದವು. ಆಚಾರ್ಯನು ಇವೆರಡನ್ನೂ ಒಂದೇ ಎಳೆಯಲ್ಲಿ ಪೋಣಿಸಿರುವನು.

ಕಡಿಯುವ ಮುನ್ನ ಇರುಳಲ್ಲಿ ಮರವನ್ನು ಪೂಜಿಸಿ, ಅದರಲ್ಲಿ ವಾಸವಾಗಿರುವ ಭೂತಗಳು ಬೇರೆಡೆಗೆ ತೆರಳುವಂತೆ ಪ್ರಾರ್ಥಿಸತಕ್ಕದ್ದು. ಮರವು ನಿಂತಿದ್ದಂತೆಯೇ ಪ್ರತಿಮೆಯೂ ನಿಲ್ಲಬೇಕಾದುದರಿಂದ ಅದರ ದಿಕ್ಕುಗಳನ್ನೂ ಮೇಲುಕೆಳಗುಗಳನ್ನೂ ಗುರುತುಮಾಡತಕ್ಕದ್ದು. ಕೆತ್ತನೆ ಮುಗಿದ ಮೇಲೆಯೂ ಮರವು ತನ್ನ ನಿಲುವನ್ನು ಕಳೆದುಕೊಳ್ಳಕೂಡದೆಂಬುದು ಇದರ ತಾತ್ಪರ್ಯ. ಅಧ್ಯಾಯದ ಹೃದಯವು ಈ ವಿಧಿಯಲ್ಲಿರುವುದು.

ಸಾಗರ, ಸೊರಬಗಳ ಗುಡಿಗಾರರು ಗಂಧದ ಮರದಲ್ಲಿ ದೇವಮೂರ್ತಿಗಳನ್ನು ಕೆತ್ತುತ್ತ ಬಂದಿರುವ ನಾಡು ನಮ್ಮದು. ಇಲ್ಲಿಯ ಅಧ್ಯಾಪಕರು ಪಟ್ಟಿಯನ್ನು ಕಂಠಪಾಠ ಮಾಡಿಸಿ ಈ ವಿಧಿಯನ್ನು ಬಿಟ್ಟರೆ ಶಾಸ್ತ್ರವನ್ನು ಶಿಲ್ಪದಿಂದ ಅಗಲಿಸಿದಂತಾಗುವುದು.