ಕಲ್ಯಾಣಕಾರಕವನ್ನು ಓದುವ ಬಗೆ

ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯ ಕೇಶವ, ಸೋಮೇಶ್ವರ ದೇಗುಲಗಳು 1230ರ ದಶಕದವು. ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ ಅದಕ್ಕೂ ನೂರು ವರ್ಷ ಹಿರಿದು. ಈ ಸೀಮೆಯ ಕಲ್ಬರಹಗಳಲ್ಲಿ ಕಂಡರಿಸಿದವನ ಅಕ್ಷರವೇ ಇಂದಿಗೂ ನಮ್ಮ ಕಣ್ಣಮುಂದಿದೆ. ಓಲೆಗರಿಗೆ ಆ ಭಾಗ್ಯವಿಲ್ಲ. ಹುಳು ತಿನ್ನುವ ಮೊದಲೇ ಅದನ್ನು ಪ್ರತಿ ಮಾಡಬೇಕು; ಪ್ರತಿ ಮಾಡಿದಾಗಲೆಲ್ಲ ತಪ್ಪು ನುಸುಳಬಹುದು. ಕಾವ್ಯದಲ್ಲಿ ಅದು ರಸಭಂಗವಾದೀತು. ವೈದ್ಯಗ್ರಂಥದಲ್ಲಿ ಪ್ರಾಣಕ್ಕೇ ಎರವಾದೀತು.

ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ಸಂಸ್ಕೃತ 'ಕಲ್ಯಾಣಕಾರಕ'ವನ್ನು ಕುರಿತು ನಮ್ಮವರು ಬರೆಯುವ ಲೇಖನಗಳನ್ನು ಓದುವಾಗ ಈ ಮಾತು ನೆನಪಾಗುತ್ತದೆ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು 1940ರಲ್ಲಿ ಹಿಂದಿ ಅನುವಾದದೊಡನೆ ಸೊಲ್ಲಾಪುರದಿಂದ ಇದನ್ನು ಪ್ರಕಟಿಸಿದರು. ಆ ಉಪಕಾರ ದೊಡ್ಡದು. ಆದರೆ ಅಲ್ಲಿಂದೀಚೆಗೆ ನಾವು ಎತ್ತಿ ಹೇಳುವುದು ಬಹುಮಟ್ಟಿಗೆ ಕೊನೆಯ 'ಹಿತಾಹಿತಾಧ್ಯಾಯ'ವನ್ನು ಮಾತ್ರ: ನೃಪತುಂಗನ ಸಭೆಯಲ್ಲಿ, ವೈದ್ಯರ ಮುಂದೆ, ಮಾಂಸ ನಿಷ್ಪ್ರಯೋಜಕವೆಂದು ಆಚಾರ್ಯರು ವಾದಿಸಿದ ಪ್ರಸಂಗ. ಅದಕ್ಕೆ ಮೊದಲಿರುವ 25 ಪರಿಚ್ಛೇದಗಳ ಚಿಕಿತ್ಸೆಯನ್ನು ಶಾಸ್ತ್ರವೆಂದು ಪರೀಕ್ಷಿಸುವವರು ವಿರಳ. ಆಚಾರ್ಯರು ವೈದ್ಯರೊಡನೆ ವೈದ್ಯರಾಗಿ ವಾದಿಸಿದರು. ನಾವೋ ಅವರ ವೈದ್ಯವನ್ನು ಬದಿಗಿಟ್ಟು ವಾದದ ಗೆಲುವನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪರೀಕ್ಷೆ ಸುಲಭವಲ್ಲ. ಹಳೆಯ ಕನ್ನಡ ಲಿಪಿಯಲ್ಲಿ ಪಕಾರ-ಷಕಾರಗಳಿಗೂ ದಕಾರ-ಧಕಾರಗಳಿಗೂ ಇರುವ ಅಂತರ ಒಂದು ಗೀಟಿನದು. ಅಕ್ಷರ ಸರಿಯಾಗಿದ್ದರೂ ಮೂಲಿಕೆ ಯಾವುದೆಂಬ ಪ್ರಶ್ನೆ ಉಳಿಯುತ್ತದೆ. 'ಅಮೃತಾ' ಎಂದರೆ ಅಮೃತಬಳ್ಳಿಯೂ ಹೌದು, ಅಳಲೆಯೂ ಹೌದು. 'ಬ್ರಾಹ್ಮೀ' ಎಂದೊಡನೆ ನಮ್ಮ ಮನೆಗಳಲ್ಲಿ ಒಂದೆಲಗ ತರುತ್ತಾರೆ; ನೀರುಬ್ರಾಹ್ಮಿಯೇ ಅದು ಎನ್ನುವ ಪಂಡಿತರು ಬೇರೆ. ದಕ್ಷಿಣದಲ್ಲಿ 'ರಾಸ್ನಾ' ಎಂದು ಬಳಸುವ ದುಂಪರಾಸ್ಮೆ ಉತ್ತರದ ರಾಸ್ನೆಯಲ್ಲ. ಹೀಗಿರುವಾಗ ಹಿಂದಿಯ ಹೆಸರನ್ನು ಕನ್ನಡಕ್ಕೆ ತಿರುಗಿಸಿ ಔಷಧ ಕಟ್ಟುವವನು ಎರಡು ಹೊಳೆಗಳನ್ನು ಕುರುಡಾಗಿ ದಾಟಿದಂತೆ.

ಮಾಂಸವಿಲ್ಲದ ಔಷಧವೆಲ್ಲ ನಿರಪಾಯಕರವೆಂಬ ಭಾವನೆಯೂ ನಮ್ಮಲ್ಲಿದೆ. ಇದೇ ಗ್ರಂಥದಲ್ಲಿ ಪಾದರಸದ ಯೋಗಗಳಿವೆ. ಪಾದರಸ ಮೂತ್ರಪಿಂಡವನ್ನೂ ನರಗಳನ್ನೂ ಕೆಡಿಸಬಲ್ಲದೆಂಬುದು ಇಂದು ತಿಳಿದ ವಿಷಯ. ಪ್ರಾಣಿಯನ್ನು ಕೊಲ್ಲದ ಔಷಧ ರೋಗಿಯನ್ನು ನೋಯಿಸಿದರೆ ಅದು ಹಿಂಸೆಯಲ್ಲವೆ? ಓಲೆಗಳ ಪಾಠಗಳನ್ನು ಒಂದರೊಡನೊಂದು ಹೋಲಿಸಿ, ಗಿಡ ಬಲ್ಲ ನಾಟಿವೈದ್ಯರನ್ನೂ ಸಸ್ಯಶಾಸ್ತ್ರಜ್ಞರನ್ನೂ ಜೊತೆಗೆ ಕೂರಿಸಿಕೊಂಡು ಸಿದ್ಧಪಡಿಸಿದ ಕನ್ನಡ ಆವೃತ್ತಿಯೊಂದು ಕೈಗೆ ಬರುವವರೆಗೆ, ಈ ಗ್ರಂಥದ ಯೋಗಗಳನ್ನು ಮನೆಮದ್ದಾಗಿ ಅಚ್ಚುಮಾಡಿ ಹಂಚುವುದನ್ನು ನಿಲ್ಲಿಸುವುದು ಲೇಸು.